ಪೀರಪ್ಪನ ಹಿರಿಮಗ

ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದ ತಾಲ್ಲೂಕು ಕಚೇರಿಯವನಿಗಾಗಿ ಸಮೀವುಲ್ಲಾ ಎಂಟಕ್ಕೇ ಇಸ್ತ್ರಿಯಾದ ಜುಬ್ಬ ತೊಟ್ಟು ನಡುಮನೆಯ ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಶಿವಮೊಗ್ಗದ ಉರ್ದು ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಪ್ರಶ್ನೆ ಕೇಳಿದ್ದನೋ ಏನೋ. ಇವತ್ತು ಒಂದೇ ಒಂದು ಪ್ರಶ್ನೆಗೆ, ಅದೂ ಉತ್ತರ ಚೆನ್ನಾಗಿ ಗೊತ್ತಿರುವ ಪ್ರಶ್ನೆಗೆ, ಅಂಗೈ ಬೆವರುತ್ತಿತ್ತು. ನಿನ್ನೆ ಮಧ್ಯಾಹ್ನ ಭದ್ರಾವತಿಯಿಂದ ತಮ್ಮ ಜಾಕಿರ್ ಫೋನು ಮಾಡಿದ್ದ. ‘ಅಣ್ಣಾ, ನಮ್ಮ ಇರಂ ಜಾತಿ ಸರ್ಟಿಫಿಕೇಟಿಗೆ ನಿಮ್ಮ ಹೇಳಿಕೆ ಒಂದು ಬಾಕಿ ಇದೆ. ನಾನು ಪಿಂಜಾರ ಅಂತ ಬರ್ಸಿದೀನಿ, ನಿಮ್ಮ ದಾಖಲೆಯಲ್ಲಿ ಶೇಖ್ ಅಂತಿದೆ. ಒಂದೇ ಅಪ್ಪನ ಮಕ್ಕಳು ಎರಡು ಜಾತಿ ಹೆಂಗಾಗ್ತೀರಿ ಅಂತ ಆಫೀಸಿನೋರು ಕೇಳ್ತಾರೆ. ನಾಳೆ ನಿಮ್ಮ ಮನೆಗೇ ಬರ್ತಾರೆ. ನಮ್ಮಪ್ಪ ಏನಾಗಿದ್ದ ಅಂತ ಇದ್ದದ್ದು ಇದ್ದಂಗೆ ಹೇಳ್ಬಿಡಿ, ಸಾಕು. ಸೋಮವಾರದೊಳಗೆ ಸರ್ಟಿಫಿಕೇಟ್ ಸಿಗ್ಲಿಲ್ಲ ಅಂದ್ರೆ ಹುಡುಗಿ ನರ್ಸಿಂಗ್ ಸೀಟು ಹೋಯ್ತು.’ ಸಮೀವುಲ್ಲಾ ‘ನೋಡೋಣ’ ಎಂದಿದ್ದ. ಒಡಹುಟ್ಟಿದವನ ಮಗಳ ಬಾಳಿನ ಮಾತಿಗೆ ‘ನೋಡೋಣ’ ಎನ್ನುವ ನಾಲಿಗೆ ಅದೆಂಥದ್ದು! ಜಾಕಿರ್ ‘ಅವ್ವ ಹೆಂಗಿದಾಳೆ? ಕಣ್ಣಿಗೆ ಡ್ರಾಪ್ಸ್ ಹಾಕ್ತಿದೀರಾ?’ ಎಂದು ಕೇಳಿ ಫೋನಿಟ್ಟಿದ್ದ.

ಅವ್ವ ಒಳಕೋಣೆಯಲ್ಲಿದ್ದಳು. ಇಲ್ಲಿನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಎಂಬತ್ತಾರು ವರ್ಷದ ಈ ಮುದುಕಿಗೆ ಈ ಮನೆಯಲ್ಲಿ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಭದ್ರಾವತಿಯ ಜಾಕಿರನ ಮನೆಗೆ ಹೋದರೆ ಎರಡೂ ಇವೆ. ನಡುವೆ ಇರುವುದು ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ ಅಷ್ಟೆ. ಇದು ದೇವರು ಮಾಡಿದ್ದಲ್ಲ, ಸಮೀವುಲ್ಲಾ ಮಾಡಿದ್ದು. ಮೂವತ್ತೇಳು ವರ್ಷದ ಹಿಂದೆ, ಅವನ ಮದುವೆಗೆ ಮೂರು ದಿನ ಇರುವಾಗ, ಭದ್ರಾವತಿ ಹಳೇನಗರದ ಮನೆಯ ಒಲೆಯ ಮುಂದೆ ಅವ್ವ ಅವರೆಕಾಳು ಹಿಸುಕುತ್ತ ಕೂತಿದ್ದಳು. ‘ಅವ್ವಾ, ಬೀಗರ ಮುಂದೆ ನೀನು ಬಾಯಿ ಬಿಡಬೇಡ. ಅವರ ಮನೇಲಿ ಎಲ್ಲ ಉರ್ದು. ನಿನಗೆ ಬರೋದು ಬರೀ ಕನ್ನಡ. ಅಮ್ಮನಿಗೆ ಕಿವಿ ಕೇಳಲ್ಲ ಅಂತ ಹೇಳಿದೀನಿ.’ ಅವಳು ಸಿಪ್ಪೆಯನ್ನು ಬದಿಗೆ ತಳ್ಳಿ, ‘ಎಷ್ಟು ದಿನ?’ ಎಂದಷ್ಟೇ ಕೇಳಿದಳು. ‘ಮದುವೆ ಮುಗಿಯೋತನಕ.’ ‘ಆಯ್ತು ಬಿಡಪ್ಪ.’ ಮದುವೆಯೇನೋ ಮುಗಿಯಿತು. ಆದರೆ ಕಿವುಡಿಯೊಬ್ಬಳು ಒಂದು ಬೆಳಗ್ಗೆ ಎದ್ದು ಕೇಳಿಸಿಕೊಳ್ಳತೊಡಗಿದರೆ ಬೀಗರು ಏನೆಂದಾರು? ಮಗು ಹುಟ್ಟಿದ ಮೇಲೆ ಸರಿಮಾಡೋಣ ಅಂದುಕೊಂಡ, ಮಾವ ತೀರಿಹೋದ ಮೇಲೆ ನೋಡೋಣ ಅಂದುಕೊಂಡ. ಸರಿಮಾಡುವ ದಿನ ಅಂತ ಒಂದು ಬರಲೇ ಇಲ್ಲ. ಮದುವೆಯ ಕಾಗದದಲ್ಲಿ ಹುಸೇನಮ್ಮ ಎಂಬ ಹೆಸರನ್ನೂ ಅಳಿಸಿ ಅಖ್ತರ್ ಬೀ ಎಂದು ಅಚ್ಚು ಹಾಕಿಸಿದ್ದ. ಅಪ್ಪ ಪೀರಪ್ಪ ‘ಜನಾಬ್ ಶೇಖ್ ಪೀರ್ ಮಹಮ್ಮದ್, ಹತ್ತಿ ವ್ಯಾಪಾರಿಗಳು’ ಆಗಿದ್ದ. ಛತ್ರದಲ್ಲಿ ಬೀಗರ ಕಡೆಯ ಯಾರೋ ‘ವರ್ಷಕ್ಕೆ ಎಷ್ಟು ಅಂಡಿಗೆ ಹತ್ತಿ ವ್ಯಾಪಾರ ಆಗುತ್ತೆ ಸಾಹೇಬ್ರೇ?’ ಎಂದು ಕೇಳಿದಾಗ, ಬಾಡಿಗೆ ಶೇರವಾನಿಯೊಳಗೆ ಕೆಮ್ಮುತ್ತ ಕೂತಿದ್ದ ಅಪ್ಪ ‘ದೇವರು ಕೊಟ್ಟಷ್ಟು’ ಎಂದಿದ್ದ. ಪಾಪ, ಸುಳ್ಳನ್ನೂ ಅವನು ಹೇಳಲಿಲ್ಲ.

ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ದೂಳು ತೇಲುತ್ತಿತ್ತು. ಅಪ್ಪನ ಸುತ್ತ ತೇಲುತ್ತಿದ್ದದ್ದು ದೂಳಲ್ಲ, ಅರಳೆಯ ಎಳೆ. ಹುಬ್ಬಿನ ಮೇಲೆ, ಕಿವಿಯ ಕೂದಲಲ್ಲಿ, ಮೂಗಿನ ಹೊಳ್ಳೆಯಲ್ಲಿ ಕೂತು ಮೂವತ್ತು ವರ್ಷದ ಆಳನ್ನು ಮುದುಕನ ಹಾಗೆ ಕಾಣಿಸುತ್ತಿತ್ತು. ಅರಳೆ ಹಿಂಜುವ ಆಳೆತ್ತರದ ಕಮಾನನ್ನು ಹೆಗಲಿಗೇರಿಸಿ, ಅದರ ತಂತಿಯನ್ನು ಬೆರಳಲ್ಲಿ ಟೊಂಯ್ ಟೊಂಯ್ ಎನ್ನಿಸುತ್ತ ಪೀರಪ್ಪ ಭದ್ರಾವತಿ ನ್ಯೂಟೌನಿನ ಬೀದಿಯಲ್ಲಿ ಬಂದನೆಂದರೆ ಹೆಂಗಸರು ಗಂಟುಗಟ್ಟಿದ ಹಾಸಿಗೆಗಳನ್ನು ಹೊರಗೆ ಎಳೆದು ತರುತ್ತಿದ್ದರು. ಕಾರ್ಖಾನೆಗಳು ಎಲ್ಲೆಲ್ಲಿಂದಲೋ ಜನರನ್ನು ತಂದು ಆ ಊರಿಗೆ ಸುರಿದಿದ್ದವು: ಸೇಲಂ ಕಡೆಯವರು, ಚಿತ್ತೂರಿನವರು, ಮಲಯಾಳದವರು. ದಾವಣಗೆರೆ ಕಡೆ ಅರಳೆ ಹಿಂಜುವ ಮಿಶನ್ನು ಬಂದು ಕೈಕೆಲಸ ನಿಂತಮೇಲೆ ಪೀರಪ್ಪನೂ ಕಮಾನು ಹೊತ್ತು ಬಂದಿದ್ದ. ‘ಎಲ್ಲಿ ಜನ ದುಡಿದು ಸುಸ್ತಾಗಿ ಮಲಗ್ತಾರೋ ಅಲ್ಲಿ ನಮಗೆ ಅನ್ನ’ ಎನ್ನುತ್ತಿದ್ದ. ಸಮೀವುಲ್ಲಾ ಆರನೆಯ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಅಪ್ಪನ ಜೊತೆ ಗಂಟು ಹೊತ್ತು ಹೋದ ಮನೆ ಅವನ ಉರ್ದು ಮೇಷ್ಟ್ರ ಮನೆಯಾಗಿತ್ತು. ‘ಅರೆ, ನೀನು ಇವನ ಮಗನಾ? ಬಾ ಬಾ ಒಳಗೆ’ ಎಂದು ಮೇಷ್ಟ್ರು ಅವನನ್ನು ಕರೆದು ಕುರ್ಚಿಯ ಮೇಲೆ ಕೂರಿಸಿ ಚಹಾ ಕೊಟ್ಟರು. ಅಪ್ಪ ಜಗಲಿಯಲ್ಲೇ ಇದ್ದ. ಇವನು ಒಳಗೆ ಕೂತು ಬಿಸ್ಕತ್ತು ಅದ್ದಿಕೊಂಡು ತಿಂದ; ಹೊರಗೆ ತಂತಿ ಟೊಂಯ್ ಎನ್ನುತ್ತಿತ್ತು, ನಡುನಡುವೆ ಅಪ್ಪ ಕೆಮ್ಮುತ್ತಿದ್ದ. ಒಮ್ಮೆಯೂ ಬಾಗಿಲ ಕಡೆ ತಿರುಗಲಿಲ್ಲ. ‘ನಮ್ಮ ಹಿರಿಯರು ಇರಾನಿನಿಂದ ಬಂದವರು’ ಎಂದು ಮೇಷ್ಟ್ರು ಗೋಡೆಯ ಮೇಲಿನ ಚೌಕಟ್ಟು ಹಾಕಿಸಿದ ವಂಶವೃಕ್ಷ ತೋರಿಸಿದರು. ಮರ್ಯಾದಸ್ಥರೆಲ್ಲ ಎಲ್ಲಿಂದಲೋ ಬಂದವರು, ತಾವು ಮಾತ್ರ ಎಲ್ಲಿಂದಲೂ ಬಂದವರಲ್ಲ ಎಂದು ಆ ಹುಡುಗನಿಗೆ ಅಂದು ಅರ್ಥವಾಗಿಹೋಯಿತು.

ಟೀಚರ್ಸ್ ಟ್ರೈನಿಂಗ್ ಸೇರುವ ವರ್ಷ ಕೋರ್ಟಿನ ಎದುರು ಟೈಪಿಸ್ಟನ ಪಕ್ಕ ಕೂತು ಒಂದು ಅಫಿಡವಿಟ್ ಮಾಡಿಸಿ ಶೇಖ್ ಆದ. ಬರೀ ಶೇಖ್ ಎಂದರೆ ಸಾಲದಲ್ಲ, ಎಲ್ಲಿಯ ಶೇಖ್ ಎಂದು ಕೇಳುತ್ತಾರೆ. ಲೈಬ್ರರಿಯ ಚರಿತ್ರೆ ಪುಸ್ತಕದಲ್ಲಿ ಬಿಜಾಪುರದ ದಂಡು ಇಕ್ಕೇರಿಯ ಮೇಲೆ ಬಂದ ಅಧ್ಯಾಯ ಸಿಕ್ಕಿತು. ಅಂಗಡಿಯಲ್ಲಿ ಅಂಗಿ ಆರಿಸಿದ ಹಾಗೆ ಆ ದಂಡನ್ನು ಆರಿಸಿಕೊಂಡ. ಸೋತವರ ಕಡೆಯಿಂದ ಬಂದೆನೆಂದು ಯಾವನು ತಾನೇ ಹೇಳಿಕೊಳ್ಳುತ್ತಾನೆ? ಮಾವನ ಮನೆಯವರದು ಹೈದರನ ಕುದುರೆ ಸೈನ್ಯ. ಬಿದನೂರು ಗೆದ್ದಾಗ ಬಂದು ಇಲ್ಲೇ ನಿಂತವರಂತೆ, ಗೋಡೆಯ ಮೇಲೊಂದು ತುಕ್ಕು ಹಿಡಿದ ಕತ್ತಿಯೂ ಇತ್ತು. ‘ನಮ್ಮ ಅಳಿಯಂದ್ರು ನಮಗಿಂತ ನೂರು ವರ್ಷ ಮೊದಲೇ ಬಂದಿಳಿದೋರು’ ಎಂದು ಮಾವ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಆ ನಗುವಿನಲ್ಲಿ ಹೆಮ್ಮೆಯಿದೆ ಎಂದೇ ಸಮೀವುಲ್ಲಾ ತಿಳಿದಿದ್ದ.

ಪಕ್ಕದ ಮನೆಯ ವೀರಪ್ಪನಿಗೂ ಇದೇ ಕಥೆ. ದುರ್ಗಿಗುಡಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ವೀರಪ್ಪ ಈಗ ಅಂಗಡಿಯನ್ನು ಮಗನಿಗೆ ಬಿಟ್ಟು ಬೆಳಗಿನ ಹೊತ್ತು ಇವನ ಜೊತೆ ವಾಕಿಂಗ್ ಬರುತ್ತಾನೆ. ‘ನಾವು ಕಲ್ಯಾಣದ ಕಡೆಯಿಂದ ಬಂದೋರು, ನೀವು ಬಿಜಾಪುರದಿಂದ ಬಂದೋರು, ಇಬ್ರೂ ಉತ್ತರದೋರೇ ಮಾರಾಯ್ರೇ’ ಎಂದು ಅವನ ತಮಾಷೆ. ಹೋದ ತಿಂಗಳು ವಾಕಿಂಗ್ ಮುಗಿಸಿ ಟೀ ಕುಡಿಯುತ್ತಿದ್ದಾಗ ಪಕ್ಕದಲ್ಲಿ ಇಬ್ಬರು ಹುಡುಗರು, ಇವನ ಗಡ್ಡಕ್ಕೆ ಕೇಳಿಸಲೆಂದೇ, ‘ಇವ್ರೆಲ್ಲ ದಂಡೆತ್ತಿ ಬಂದೋರು ಕಣೋ, ಬಂದ ದಾರೀಲೇ ವಾಪಸ್ ಕಳಿಸ್ಬೇಕು’ ಎಂದರು. ವೀರಪ್ಪ ರೇಗಿದ. ‘ಏಯ್, ಬಾಯಿ ಮುಚ್ಚೋ! ನಮ್ಮ ಮೇಷ್ಟ್ರು ಅಂಥೋರಲ್ಲ. ಅವರ ಹಿರಿಯರು ಬಿಜಾಪುರದ ದಂಡಿನ ಜೊತೆ ಬಂದು ನಾನೂರು ವರ್ಷ ಆಯ್ತು. ನಮ್ಮೋರ ಹಂಗೇ ಇದಾರೆ.’ ಆ ಹುಡುಗರು ಬೈದದ್ದಕ್ಕಿಂತ ಗೆಳೆಯ ಪರವಹಿಸಿದ್ದೇ ಸಮೀವುಲ್ಲಾನ ಎದೆಗೆ ನಾಟಿತು. ‘ನಾನು ಯಾವ ದಂಡಿನ ಜೊತೆಗೂ ಬಂದವನಲ್ಲ ಕಣ್ರೋ, ಈ ಕಪ್ಪುಮಣ್ಣಿನ ಹತ್ತಿಯನ್ನೇ ಹಿಂಜಿ ಹಿಂಜಿ ಸತ್ತವರ ಮಗ ನಾನು, ನಮ್ಮಲ್ಲಿ ಯಾವನೋ ಒಬ್ಬ ಯಾವುದೋ ಕಾಲದಲ್ಲಿ ಒಬ್ಬ ಪೀರರ ಕಾಲು ಹಿಡಿದ, ಅಷ್ಟೆ’ ಎಂದು ಕೂಗಬೇಕೆನಿಸಿತು. ಕೂಗಲು ಕುಲದ ಹೆಸರಿನ ಆ ಒಂದು ಶಬ್ದ ಬಾಯಿಗೆ ಬರಬೇಕಿತ್ತು. ಎಲ್ಲಿಂದಲೂ ಬಾರದವನು ತಾನೇ ಕೋರ್ಟಿನ ಎದುರು ಕಾಸು ಕೊಟ್ಟು ಹೊರಗಿನವನಾಗಿದ್ದ. ಈಗ ಹೊರಗೆ ಹೋಗು ಎಂದವರಿಗೆ ಏನು ಜವಾಬು ಕೊಡುವುದು? ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡ.

ಒಳಗಿನಿಂದ ಹೆಂಡತಿ ಖೈರುನ್ನೀಸಾ ಬಂದು ಇಣುಕಿದಳು. ‘ಇನ್ನೂ ಬರ್ಲಿಲ್ವಾ ಅವರು?’ ಎಂದು ಉರ್ದುವಿನಲ್ಲೇ ಕೇಳಿ, ಉತ್ತರಕ್ಕೆ ಕಾಯದೆ ಕಣ್ಣಿನ ಔಷಧಿಯ ಪುಟ್ಟ ಬಾಟಲಿ ಹಿಡಿದು ಅತ್ತೆಯ ಕೋಣೆಗೆ ಹೋದಳು. ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ಅವಳಿಗೆ ಸಮೀವುಲ್ಲಾ ಹೇಳಿರಲಿಲ್ಲ. ‘ಜಾಕಿರನ ಮಗಳದ್ದು ಏನೋ ಕಾಗದ’ ಎಂದಿದ್ದ. ಅವ್ವನಿಗೂ ಹೇಳಿರಲಿಲ್ಲ. ನಾಲ್ಕು ದಿನದ ಹಿಂದೆ ಆಸ್ಪತ್ರೆಯಿಂದ ಆಟೋದಲ್ಲಿ ಕರೆತರುವಾಗ, ಇಬ್ಬರೇ ಇದ್ದಾಗ, ಎಷ್ಟೋ ವರ್ಷಗಳ ಮೇಲೆ ಧೈರ್ಯ ಮಾಡಿ ಅವಳ ಎಡಗಿವಿಯ ಹತ್ತಿರ ಬಾಗಿ ಕನ್ನಡದಲ್ಲಿ, ‘ಅವ್ವಾ, ನನ್ನಿಂದ ದೊಡ್ಡ ತಪ್ಪಾಗಿದೆ. ಕ್ಷಮಿಸಿಬಿಡು’ ಎಂದಿದ್ದ. ಅವ್ವ ತಿರುಗಲಿಲ್ಲ. ಕಟ್ಟು ಹಾಕಿದ ಕಣ್ಣನ್ನು ರಸ್ತೆಯ ಕಡೆ ಇಟ್ಟುಕೊಂಡು ಕೂತೇ ಇದ್ದಳು. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡ. ಕ್ಷಮಿಸಲು ಅವಳಾದರೂ ಯಾಕೆ ಒಪ್ಪಬೇಕು? ಅಂದಿನಿಂದ ಆ ಕೋಣೆಯ ಬಾಗಿಲ ತನಕ ಹೋಗಿ ವಾಪಸು ಬರುತ್ತಿದ್ದ.

ಹನ್ನೊಂದೂವರೆಗೆ ಜ್ಞಾನೇಶ್ ಬಂದ. ಕಂದಾಯ ಇಲಾಖೆಯ ಹುಡುಗ, ಮಗನ ವಯಸ್ಸು. ಹೆಲ್ಮೆಟ್ಟನ್ನು ಬಾಗಿಲ ಬಳಿ ಇಟ್ಟು, ಫೈಲು ಬಿಚ್ಚಿ, ‘ಸರ್, ಸಾಕ್ಷಿಗೆ ಒಬ್ಬರು ನೆರೆಯೋರು ಬೇಕಿತ್ತಲ್ಲ’ ಎಂದ. ಕರೆಯುವ ಮೊದಲೇ ವೀರಪ್ಪ ಹಾಜರು. ಬೈಕು ನಿಂತ ಸದ್ದಿಗೇ ಬಂದಿದ್ದ. ‘ನಾನಿದೀನಲ್ಲ, ಎಲ್ಲಿ ಸೈನ್ ಹಾಕ್ಬೇಕು ಹೇಳಿ’ ಎಂದು ದಿವಾನಿನ ಮೇಲೆ ಕೂತ. ಸೆಖೆಗೆ ಬೀದಿಯ ಕಡೆಯ ಎರಡೂ ಕಿಟಕಿ ತೆರೆದಿದ್ದವು. ಎದುರು ಮನೆಯ ಮಹಾಂತಮ್ಮ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು.

‘ತಂದೆ ಹೆಸರು?’

‘ಪೀರ್ ಮಹಮ್ಮದ್.’

‘ನಿಮ್ಮ ತಮ್ಮ ಪೀರಪ್ಪ ಅಂತ ಕೊಟ್ಟಿದಾರೆ.’

‘ಎರಡೂ ಒಂದೇ.’ ಹಾಗೆನ್ನುವಾಗ ಸ್ವರ ಕೆಳಗಿಳಿಯಿತು.

‘ಸರಿ. ಕುಲಕಸುಬು?’

‘ಹತ್ತಿ…’

‘ಹತ್ತಿ ಅಂದ್ರೆ? ಬೆಳೆಯೋದಾ, ಮಾರೋದಾ, ಹಿಂಜೋದಾ?’

ಸಮೀವುಲ್ಲಾ ಜುಬ್ಬದ ಗುಂಡಿ ಹಿಡಿದುಕೊಂಡ. ನೋಡುತ್ತಿದ್ದ ವೀರಪ್ಪನಿಗೆ ಗೆಳೆಯನ ಕಷ್ಟ ಕಂಡಿತು, ಕಾರಣ ಕಾಣಲಿಲ್ಲ. ‘ವ್ಯಾಪಾರ ಕಣ್ರೀ. ಇವರ ಹಿರಿಯರು ಬಿಜಾಪುರದ ದಂಡಿನ ಜೊತೆ ಬಂದೋರು. ದೊಡ್ಡ ಮನೆತನ. ಬರ್ಕೊಳ್ಳಿ’ ಎಂದ.

ಜ್ಞಾನೇಶ್ ಪೆನ್ನು ಕಾಗದದ ಮೇಲಿಟ್ಟು ತಲೆಯೆತ್ತಿದ. ‘ಹಂಗಾದ್ರೆ ಪಿಂಜಾರ ಅಲ್ಲ ಅಂತ ಬರ್ಕೊಳ್ಲಾ ಸರ್? ಬರ್ದ್ರೆ ಆ ಹುಡುಗಿ ಅರ್ಜಿ ವಜಾ ಆಗುತ್ತೆ. ಯೋಚ್ನೆ ಮಾಡಿ ಹೇಳಿ.’

ಯೋಚನೆ ಮಾಡುವುದಕ್ಕೆ ಮೂವತ್ತೇಳು ವರ್ಷ ಸಾಲದವನಿಗೆ ಇನ್ನೊಂದು ನಿಮಿಷ ಏನು ಮಾಡೀತು? ಇರಂ ಹೋದ ಹಬ್ಬಕ್ಕೆ ಬಂದಿದ್ದಾಗ ಇವನ ಬಿಪಿ ನೋಡಿ, ‘ದೊಡ್ಡಪ್ಪ, ಉಪ್ಪಿನಕಾಯಿ ಬಂದ್!’ ಎಂದು ಗದರಿದ್ದಳು. ಆ ಹುಡುಗಿಯ ಮುಖ ಕಣ್ಣಮುಂದೆ ಬಂತು. ಆದರೂ ನಾಲಿಗೆ ಏಳಲಿಲ್ಲ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಹೇಡಿಗೆ ಉಪಾಯಗಳಿಗೇನು ಬರ. ತಾನು ಹೇಳುವುದು ಬೇಡ, ಅವ್ವನೇ ಹೇಳಲಿ. ‘ನಮ್ಮ ತಾಯಿ ಒಳಗಿದಾರೆ. ಹಿರಿಯರು. ಅವರನ್ನೇ ಕೇಳಿ, ಅವರು ಹೇಳಿದ್ದಕ್ಕೆ ನಾನು ಸೈನ್ ಹಾಕ್ತೀನಿ’ ಎಂದ. ‘ಅವರಿಗೆ ಕಿವಿ ಕೇಳ್ಸಲ್ವಲ್ಲ ಮಾರಾಯ್ರೇ?’ ಎಂದು ವೀರಪ್ಪ ಹುಬ್ಬೇರಿಸಿದ. ‘ಕೇಳ್ಸುತ್ತೆ’ ಎನ್ನುತ್ತ ಸಮೀವುಲ್ಲಾ ಎದ್ದ. ಅಷ್ಟು ವರ್ಷ ಹೊತ್ತ ಸುಳ್ಳು ಹೀಗೆ ಒಂದೇ ಮಾತಿಗೆ ಬಿದ್ದುಹೋಯಿತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಕೋಣೆಯ ಪರದೆಯ ಹತ್ತಿರ ಬಂದವನು ನಿಂತುಬಿಟ್ಟ. ಒಳಗೆ ಮಾತು ನಡೆದಿತ್ತು. ‘ನಿನ್ನೆ ಸಾರಿಗೆ ಉಪ್ಪೇ ಇರಲಿಲ್ಲ ಕಣೆ’ ಎಂದು ಅವ್ವನ ದನಿ. ‘ನಿಮ್ಮ ವಯಸ್ಸಿಗೆ ಅಷ್ಟು ಸಾಕು ಅತ್ತೆ! ತಲೆ ಮೇಲೆತ್ತಿ, ಅಲ್ಲಾಡ್ಬೇಡಿ, ಹನಿ ಕೆನ್ನೆಗೆ ಹೋಗುತ್ತೆ!’ ಎಂದು ಖೈರುನ್ನೀಸಾಳ ಗಟ್ಟಿ ಕನ್ನಡ. ದಿನಾ ಮಾತಾಡುವವರ ಮಾತು ಅದು. ಪರದೆ ಸರಿಸಿದ ಅವನನ್ನು ನೋಡಿ ಹೆಂಡತಿ ಬೆಚ್ಚಿಬೀಳಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿದಳು.

‘ಯಾವಾಗಿಂದ?’ ಎಂದ, ಉರ್ದುವಿನಲ್ಲಿ.

ಅವಳು ಮದುವೆಯಾದ ಮೇಲೆ ಮೊದಲ ಸಲ ಅವನಿಗೆ ಕನ್ನಡದಲ್ಲಿ ಉತ್ತರ ಕೊಟ್ಟಳು. ‘ನಮ್ಮ ರೂಹಿ ಕೈಗೂಸಾಗಿದ್ದಾಗಿಂದ. ಮಗೂಗೆ ಜ್ವರ ಏರಿ ಕಣ್ಣು ಮೇಲೆ ಮಾಡಿತ್ತು. ನೀವು ಶಾಲೆಗೆ ಹೋಗಿದ್ರಿ. ನಾನು ಕಿರುಚಿಕೊಂಡೆ. ಕಿವಿ ಕೇಳ್ದೇ ಇರೋರು ಹಿತ್ತಲಿಂದ ಓಡಿ ಬಂದ್ರು.’

‘ನನಗೆ ಯಾಕೆ ಹೇಳ್ಲಿಲ್ಲ?’

‘ಅತ್ತೆ ಬೇಡ ಅಂದ್ರು. ಅವನಿಗೆ ನಾಚಿಕೆ ಆಗುತ್ತೆ, ಬಿಡು ಅಂದ್ರು. ನಮ್ಮ ಅಬ್ಬಾಗಂತೂ ಮದುವೆಗೆ ಮುಂಚೇನೇ ಗೊತ್ತಿತ್ತು. ಮನೇಲಿ ಕಲಿತ ಉರ್ದು ಇಷ್ಟು ನೆಟ್ಟಗಿರಲ್ಲ, ಹುಡುಗ ಕಷ್ಟಪಟ್ಟು ಓದಿದಾನೆ, ಒಳ್ಳೇನು ಅಂತಿದ್ರು. ನಮ್ಮೋರೇನು ಕುದುರೆ ಹತ್ತಿ ಬಂದ್ರಾ? ಕುದುರೆಗೆ ಹುರುಳಿ ಬೇಯಿಸ್ತಿದ್ರಂತೆ.’

ಸಮೀವುಲ್ಲಾ ಮಂಚದ ಅಂಚಿಗೆ, ಅವ್ವನ ಎಡಕ್ಕೆ ಕೂತು, ‘ಅವ್ವಾ’ ಎಂದ. ಅವಳು ಗೋಡೆ ನೋಡುತ್ತಿದ್ದಳು. ಮತ್ತೆ ‘ಅವ್ವಾ’ ಎಂದ. ಆಟೋದಲ್ಲಿ ತಿರುಗದ ಹಾಗೆಯೇ ತಿರುಗಲಿಲ್ಲ.

‘ಆ ಕಡೆ ಕೇಳ್ಸಲ್ಲ ರೀ’ ಎಂದಳು ಖೈರುನ್ನೀಸಾ. ‘ಎಡಗಿವಿ ಪೂರ್ತಿ ಹೋಗಿ ನಾಲ್ಕು ವರ್ಷ ಆಯ್ತು. ನಿಜಕ್ಕೂ. ಬಲಗಡೇನೂ ಜೋರಾಗಿ ಹೇಳ್ಬೇಕು. ಜಾಕಿರಿಗೂ ಗೊತ್ತು.’ ಬಾಟಲಿಯನ್ನು ಪಕ್ಕಕ್ಕಿಟ್ಟು, ‘ನಿಮಗೆ ಗೊತ್ತಿಲ್ಲ ಅಂತ ನಮಗೆ ಗೊತ್ತಿರಲಿಲ್ಲ’ ಎಂದಳು. ತಾನು ನಟನೆ ಎಂದು ನಂಬಿ ನಾಲ್ಕು ವರ್ಷ ನೋಡಿದ್ದು ನಟನೆಯಾಗಿರಲಿಲ್ಲ; ಅವಳು ಕ್ಷಮಿಸದೆ ಕೂತಿರಲಿಲ್ಲ, ಅವನು ಕೇಳಿದ್ದೇ ಅವಳಿಗೆ ತಲುಪಿರಲಿಲ್ಲ. ತಾಯಿಯ ಯಾವ ಕಿವಿ ಕೆಟ್ಟಿದೆ ಎಂದು ತಿಳಿಯದ ಮಗ. ಅವನ ಕಣ್ಣು ತುಂಬಿಬಂತು. ನಡುಮನೆಯಿಂದ ಜ್ಞಾನೇಶ್ ‘ಸರ್, ಇನ್ನೂ ಮೂರು ಮನೆ ಇದೆ’ ಎಂದು ಕರೆದ.

ಇಬ್ಬರೂ ಅವಳನ್ನು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದರು. ‘ಅಜ್ಜಿ, ನಿಮ್ಮ ಯಜಮಾನ್ರು ಏನು ಕೆಲಸ ಮಾಡ್ತಿದ್ರು?’ ಎಂದು ಜ್ಞಾನೇಶ್ ಮೆಲ್ಲಗೆ ಕೇಳಿದ. ಅವ್ವ ಕಪ್ಪು ಕನ್ನಡಕದೊಳಗಿಂದ ನಕ್ಕಳು, ಹೇಳಲಿಲ್ಲ. ‘ನೀವೇ ಕೇಳಿ ಸರ್’ ಎಂದ. ಸಮೀವುಲ್ಲಾ ಬಲಕ್ಕೆ ಬಂದು ಬಾಗಿ ಕೇಳಿದ, ಸಾಲಲಿಲ್ಲ. ಇನ್ನೂ ಸ್ವಲ್ಪ ಎತ್ತರಿಸಿದ. ಅವ್ವ ಕಿವಿಗೆ ಕೈ ಅಡ್ಡ ಹಿಡಿದಳು. ಪಾಠ ಹೇಳಿ ಹೇಳಿ ಪಳಗಿದ ಗಂಟಲು. ಅದನ್ನು ಈ ಭಾಷೆಗೆ ಅವನು ಎಂದೂ ಬಿಟ್ಟುಕೊಟ್ಟಿರಲಿಲ್ಲ. ‘ಅವ್ವಾ! ಅಪ್ಪ ಏನು ಕೆಲಸ ಮಾಡ್ತಿದ್ದ ಅಂತ ಕೇಳ್ತಿದಾರೆ!’ ಎಂದು ಕೂಗಿದ. ಎದುರು ಮೆಟ್ಟಿಲ ಮೇಲೆ ಮಹಾಂತಮ್ಮನ ಕೈ ಸೊಪ್ಪಿನ ಮೇಲೆಯೇ ನಿಂತಿತು. ವೀರಪ್ಪ ಅವ್ವನನ್ನೊಮ್ಮೆ, ಇವನನ್ನೊಮ್ಮೆ ನೋಡಿದ.

ಅವ್ವನಿಗೆ ಕೇಳಿಸಿತು. ಮಗನ ಮುಖದ ಕಡೆ ತಿರುಗಿದಳು. ‘ನನ್ನ ಯಾಕೋ ಕೇಳ್ತೀಯ? ಅವನ ಹೆಗಲ ಮೇಲೆ ಕೂತು ಊರೆಲ್ಲ ತಿರುಗಿದೋನು ನೀನು. ನೀನೇ ಹೇಳು.’

ಜ್ಞಾನೇಶನ ಪೆನ್ನು ಕಾಯುತ್ತಿತ್ತು. ಸಮೀವುಲ್ಲಾ ಅವನ ಕಡೆ ತಿರುಗಿ, ಉಸಿರು ಹೊರಬಿಟ್ಟಷ್ಟೇ ಸದ್ದಿನಲ್ಲಿ ಹೇಳಿದ. ಜ್ಞಾನೇಶ್ ಬರೆದುಕೊಂಡ. ‘ಅಲ್ಲಾ ಮೇಷ್ಟ್ರೇ, ಮತ್ತೆ ಬಿಜಾಪುರ…’ ಎಂದು ಶುರುಮಾಡಿದ ವೀರಪ್ಪ ಅವನ ಮುಖ ನೋಡಿ ಬಾಯಿ ಮುಚ್ಚಿದ, ಕೈ ಚಾಚಿ ಫೈಲು ತೆಗೆದುಕೊಂಡು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದ.

‘ಏನು ಹೇಳ್ದೆ?’ ಎಂದಳು ಅವ್ವ. ‘ನಂಗೂ ಕೇಳ್ಸಂಗೆ ಹೇಳು.’

ಸಮೀವುಲ್ಲಾ ನೆಲದ ಮೇಲೆ ಮೊಣಕಾಲೂರಿ ಅವಳ ಬಲಗಿವಿಯ ಹತ್ತಿರ ಬಾಯಿಟ್ಟ. ‘ಪಿಂಜಾರ!’ ಎಂದು ಕೂಗಿದ. ಬೀದಿಯ ಆ ತುದಿಗೂ ಕೇಳಿಸಿರಬೇಕು.

ಅವ್ವ ಕಿವಿಯ ಹಿಂದೆ ಇದ್ದ ಕೈಯನ್ನು ಇಳಿಸಲಿಲ್ಲ. ‘ಏನಂದೆ?’ ಎಂದಳು. ನಿಜವಾಗಿಯೂ ಕೇಳಿಸಲಿಲ್ಲವೋ, ಇನ್ನೊಮ್ಮೆ ಕೇಳಬೇಕೆನಿಸಿತೋ, ಅವನಿಗೆ ಗೊತ್ತಾಗಲಿಲ್ಲ. ಇನ್ನೂ ಜೋರಾಗಿ ಹೇಳಿದ.